ಈಗಷ್ಟೇ ಕುಡಿದು ಬಂದೆ

ಯಾರ ಮನೆಗೆ ಹೋದರೂ ನಾನು ಮೊದಲು ಹುಡುಕುವುದು ಕಕ್ಕಸನ್ನು. ಅದಕ್ಕೆ ಚಿಲಕ ಇದೆಯೇ, ಬಕೆಟ್ಟಿನಲ್ಲಿ ನೀರಿದೆಯೇ, ಅಲ್ಲಿಗೆ ಹೋಗಬೇಕಾದರೆ ಗಂಡಸರು ಕೂತ ಜಗುಲಿಯನ್ನು ದಾಟಬೇಕೇ, ಇಷ್ಟನ್ನೂ ಕುರ್ಚಿಯಲ್ಲಿ ಕೂರುವ ಮೊದಲೇ ತಿಳಿದುಕೊಂಡಿರುತ್ತೇನೆ. ಆಮೇಲೆ ತಟ್ಟೆ ನೋಡುತ್ತೇನೆ. ಖಾರ ಎಷ್ಟು, ಎಣ್ಣೆ ಎಷ್ಟು, ಯಾವಾಗ ಮಾಡಿದ್ದು, ಯಾರು ಮಾಡಿದ್ದು. ಮೊದಲ ಮೂರು ಪ್ರಶ್ನೆಗಳನ್ನು ಕಲಿಸಿದ್ದು ಡಾಕ್ಟರು. ನಾಲ್ಕನೆಯದನ್ನು ಕಲಿಸಿದ್ದು ನಮ್ಮೂರು. ಆ ನಾಲ್ಕನೆಯ ಪ್ರಶ್ನೆಯಿಂದ ಬಿಡಿಸಿಕೊಳ್ಳಲು ನಾನು ಪಟ್ಟ ಪಾಡು ಕಾಯಿಲೆಯ ಪಾಡಿಗಿಂತ ದೊಡ್ಡದು.

ಸಕ್ಕರೆ ಕಾಯಿಲೆಯವರು ಮದುವೆ ಮನೆಯಲ್ಲಿ ಹೋಳಿಗೆ ತಿನ್ನುತ್ತಲೇ ತಮ್ಮ ಶುಗರ್ ಎಷ್ಟು ಎಂದು ಪಕ್ಕದವರಿಗೆ ಹೇಳುತ್ತಾರೆ. ಮಂಡಿ ನೋವಿನವರು ಬಸ್ಸಿನಲ್ಲಿ ಸೀಟು ಕೇಳಿ ಪಡೆಯುತ್ತಾರೆ. ನಮ್ಮದು ಹಾಗೆ ಹೇಳಿಕೊಳ್ಳುವ ಕಾಯಿಲೆಯಲ್ಲ. ದಿನಕ್ಕೆ ಹತ್ತು ಸಲ ಓಡಬೇಕು, ರಕ್ತ ಹೋಗುತ್ತದೆ, ಹೊಟ್ಟೆಯನ್ನು ಯಾರೋ ಬಟ್ಟೆಯಂತೆ ಹಿಂಡುತ್ತಾರೆ ಎಂದು ಯಾವ ಹೆಂಗಸು ಯಾರ ಮುಂದೆ ಹೇಳಿಕೊಂಡಾಳು? ಬಾಯಿ ಮುಚ್ಚಿಕೊಂಡು ಇರುತ್ತೇವೆ. ಬಾಯಿ ಮುಚ್ಚಿಕೊಂಡವರ ಬಗ್ಗೆ ಉಳಿದವರು ಕತೆ ಕಟ್ಟುತ್ತಾರೆ.

ನಾನು ಬೆಳೆದದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ. ಅಪ್ಪ ಗಣಿ ಕಂಪನಿಯಲ್ಲಿ ಫಿಟ್ಟರ್. ನಮಗೆ ಕೊಟ್ಟ ಮನೆ ಚಿಕ್ಕದು, ಆದರೆ ಕಕ್ಕಸು ಮನೆಯೊಳಗೇ ಇತ್ತು, ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಅದೊಂದು ಭಾಗ್ಯ ಎಂದು ಆಗ ಗೊತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಮೂಡಿಗೆರೆ ತಾಲೂಕಿನ ಜಾವಳಿ ಕಡೆಗೆ ಮದುವೆಯಾಗಿ ಬಂದೆ. ಗಂಡ ಸತೀಶರಿಗೆ ನಾಲ್ಕು ಎಕರೆ ಕಾಫಿ ತೋಟ, ಮರಕ್ಕೆ ಹಬ್ಬಿಸಿದ ಮೆಣಸು. ಕಕ್ಕಸು ಕೊಟ್ಟಿಗೆ ದಾಟಿ, ಗೊಬ್ಬರದ ಗುಂಡಿ ದಾಟಿ, ಹಿಂದಿನ ದಿಣ್ಣೆಯ ಮೇಲಿತ್ತು. ತಗಡಿನ ಬಾಗಿಲನ್ನು ಒಳಗಿನಿಂದ ತಂತಿ ಸುತ್ತಿ ನಿಲ್ಲಿಸಬೇಕು. ಅತ್ತೆ ಮೊದಲ ವಾರವೇ ನೆಂಟರ ಮುಂದೆ ನಗಾಡಿದರು, "ನಮ್ ಟೌನ್‌ಶಿಪ್ ಸೊಸೆಗೆ ದಿಣ್ಣೆ ಹತ್ತೋದೇ ಒಂದು ಟ್ರಿಪ್ಪು ಮಾರಾಯ್ತಿ!" ನಾನೂ ನಕ್ಕೆ. ಆ ದಿಣ್ಣೆಯನ್ನು ಮುಂದೆ ಎಷ್ಟು ಸಲ ಅಳುತ್ತಾ ಹತ್ತಲಿದ್ದೇನೆ ಎಂದು ತಿಳಿದಿದ್ದರೆ ನಗುತ್ತಿರಲಿಲ್ಲ.

ಪಕ್ಕದ ಮನೆ ಗಿರಿಜಕ್ಕನದು. ಸತೀಶರ ಅಣ್ಣನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಭಾವ ತೀರಿಕೊಂಡ ಮೇಲೆ ತನ್ನ ಪಾಲಿನ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮಕ್ಕಳಿರಲಿಲ್ಲ. ಮಾತು ಕಮ್ಮಿ, ಮೂಗಿನ ತುದಿಯಲ್ಲಿ ಸಿಟ್ಟು. ಮೇಲಿನ ಒರತೆಯಿಂದ ನೀರು ತರುವ ಪೈಪಿನ ವಿಷಯದಲ್ಲಿ ಎರಡು ಮನೆಗೂ ಮಾತು ಬಿಟ್ಟು ಹೋಗುವಷ್ಟು ಜಗಳ ನಡೆದಿತ್ತು. ಆದರೂ ನನ್ನ ಬಸುರಿ ಊಟದ ದಿನ ಆಕೆ ಹಲಸಿನ ಹಣ್ಣಿನ ಕಡುಬು ಮಾಡಿ, ಬಾಳೆ ಎಲೆ ಮುಚ್ಚಿ ತಂದು, ನನ್ನ ಕೈಗೇ ಕೊಟ್ಟಳು. "ಬಿಸಿ ಇರೋವಾಗ್ಲೇ ತಿನ್ನು" ಎಂದಳು. ರುಚಿಯಾಗಿತ್ತು. ಎರಡು ತಿಂದೆ.

ಮಗಳು ಚೈತ್ರ ಹುಟ್ಟಿ, ಬಾಣಂತನ ಮುಗಿಸಿಕೊಂಡು ತವರಿನಿಂದ ವಾಪಸು ಬಂದ ಸ್ವಲ್ಪ ದಿನಕ್ಕೇ ಹೊಟ್ಟೆ ಕೆಟ್ಟಿತು. ಕೆಟ್ಟ ಹೊಟ್ಟೆ ಸರಿಹೋಗಲಿಲ್ಲ. ಮೊದಲು ನೀರಿನ ಮೇಲೆ ಅನುಮಾನ ಪಟ್ಟೆ, ಕುದಿಸಿ ಕುಡಿದೆ. ಆಮೇಲೆ ಬಿದಿರಿನ ಕಳಲೆಯ ಮೇಲೆ, ಆಮೇಲೆ ಹಾಲಿನ ಮೇಲೆ. ಒಂದೊಂದೇ ಬಿಡುತ್ತಾ ಬಂದೆ. ಕೊನೆಗೆ ಗಂಜಿಯೊಂದು ಉಳಿಯಿತು, ಅದೂ ನಿಲ್ಲಲಿಲ್ಲ. ಒಂದು ದಿನ ರಕ್ತ ಕಂಡಿತು. ತಂತಿ ಹಿಡಿದುಕೊಂಡು ತಗಡಿನ ಬಾಗಿಲ ಹಿಂದೆ ಕೂತು, ಮಗು ಇಷ್ಟು ಚಿಕ್ಕದು, ನಾನು ಸತ್ತರೆ ಇದಕ್ಕೆ ಉಣ್ಣಿಸುವವರು ಯಾರು ಎಂದು ಅಳುತ್ತಿದ್ದೆ.

ಮೂಡಿಗೆರೆಯ ಡಾಕ್ಟರು ಆಮಶಂಕೆ ಎಂದರು. ಮಾತ್ರೆ ಕೊಟ್ಟರು, ಕೇಳಲಿಲ್ಲ. ಚಿಕ್ಕಮಗಳೂರಿನಲ್ಲಿ ತೋರಿಸಿ ಎಂದರು. ಅವರು ಪರೀಕ್ಷೆಗೆ ತನ್ನಿ ಎಂದದ್ದನ್ನು ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಹಾಕಿ, ಪೇಪರು ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಜ್ಜ ಬಾಟಲಿಯನ್ನೇ ನೋಡುತ್ತಿದ್ದ. ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ತಡೆಯಲಾರದೆ ಕೇಳಿದ.

"ತುಡುವೆ ಜೇನಾ, ಹೆಜ್ಜೇನಾ?"

"ಮಾರಾಟಕ್ಕಲ್ಲ" ಎಂದೆ.

ಅಜ್ಜ ಮುಖ ಗಂಟಿಕ್ಕಿಕೊಂಡು ಕಿಟಕಿ ಕಡೆ ತಿರುಗಿದ. ಜಿಪುಣಿ ಎಂದುಕೊಂಡಿರಬೇಕು. ಸತೀಶರು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಬಾಯಿಗೆ ಟವೆಲ್ಲು ಒತ್ತಿಕೊಂಡು ಅಲುಗಾಡುತ್ತಿದ್ದರು. ಆ ವರ್ಷ ನಾನು ಮನಸಾರೆ ನಕ್ಕದ್ದು ಅದೊಂದೇ ಪ್ರಯಾಣದಲ್ಲಿ.

ಚಿಕ್ಕಮಗಳೂರಿನ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಎದುರುಬದುರು ಬೆಂಚು. ಕಾಂಪೌಂಡರು ಬಾಗಿಲಲ್ಲಿ ನಿಂತು ಹೆಸರಿನ ಜೊತೆಗೆ ಕಾಯಿಲೆಯನ್ನೂ ಸೇರಿಸಿ ಕೂಗುತ್ತಿದ್ದ. "ಜಲಜ, ಭೇದಿ!" ಅದೇ ನನ್ನ ಮನೆತನದ ಹೆಸರೇನೋ ಎಂಬಂತೆ. ಎದುರಿನ ಬೆಂಚಿನ ಗಂಡಸರು ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟರು. ಡಾಕ್ಟರು ಹೊಟ್ಟೆ ಒತ್ತಿದರು, ನಾಲಗೆ ನೋಡಿದರು, ಆಮೇಲೆ ಪೆನ್ನು ಕೆಳಗಿಟ್ಟು, "ಮನೇಲಿ ಅತ್ತೆ ಜೊತೆ ಎಲ್ಲ ಸರಿ ಇದೆಯಾ? ಟೆನ್ಶನ್ ಏನಾದ್ರೂ?" ಎಂದು ಕೇಳಿದರು. ಅತ್ತೆ ನನ್ನ ಪಕ್ಕದ ಸ್ಟೂಲಿನಲ್ಲೇ ಕೂತಿದ್ದರು. ಬಸ್ಸಿನಲ್ಲಿ ಕೂತ ಮೇಲೆ, "ನಾನೇನ್ ನಿಂಗೆ ಉಪವಾಸ ಕೆಡವಿದ್ನೇನೆ?" ಎಂದರು. ಡಾಕ್ಟರಿಗೆ ನಾನೇ ಏನೋ ಚಾಡಿ ಹೇಳಿದ್ದೇನೆ ಎಂದು ಅವರಿಗೆ ಅನುಮಾನ. ಡಾಕ್ಟರಿಗೆ ಅತ್ತೆಯ ಮೇಲೆ ಅನುಮಾನ. ನನಗೆ ಇಬ್ಬರ ಮೇಲೂ.

ಕೊನೆಗೆ ಮಂಗಳೂರಿಗೆ ಹೋದೆವು. ಈ ಕಾಯಿಲೆ ಇಟ್ಟುಕೊಂಡು ಚಾರ್ಮಾಡಿ ಘಾಟಿ ಇಳಿಯುವುದೆಂದರೆ ಏನು ಎಂದು ಇಳಿದವರಿಗೇ ಗೊತ್ತು. ಘಾಟಿ ಶುರುವಾಗುವ ಮೊದಲು, ಕೊಟ್ಟಿಗೆಹಾರದಲ್ಲೇ ಸತೀಶರು ಡ್ರೈವರ್ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ್ದರು. ಎರಡು ತಿರುವಿನಲ್ಲಿ ಆತ ಬಸ್ಸು ನಿಲ್ಲಿಸಿ, ಇಳಿದು, ಟೈರು ಒದ್ದು ನೋಡಿದ. ಟೈರು ಚೆನ್ನಾಗಿಯೇ ಇತ್ತು. ನಾನು ಪೊದೆಯ ಹಿಂದಿನಿಂದ ಬರುವವರೆಗೂ ಒದೆಯುತ್ತಲೇ ಇದ್ದ. ಆ ಮನುಷ್ಯನ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ, ಆದರೆ ಅವನಿಗೆ ಒಳ್ಳೆಯದಾಗಲಿ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಮಂಗಳೂರಿನ ಆಸ್ಪತ್ರೆಯ ಬೆಂಚಿನಲ್ಲಿ ಬೆಳ್ತಂಗಡಿ ಕಡೆಯ ಹೆಂಗಸೊಬ್ಬಳು ನನ್ನ ಚೀಲ ನೋಡಿದಳು. ಅದರಲ್ಲಿ ಇನ್ನೊಂದು ಸೀರೆ, ಲಂಗ, ಹಳೇ ಬಟ್ಟೆ. ತನ್ನ ಚೀಲ ತೆರೆದು ತೋರಿಸಿದಳು. ಅವೇ ಮೂರು. "ನಿಮ್ಗೆ ಎಷ್ಟು ಸಲ?" ಎಂದು ಪಿಸುಗುಟ್ಟಿದಳು. "ಹತ್ತು" ಎಂದೆ. "ನಂಗೆ ಹದಿನಾಲ್ಕು" ಎಂದು ಗೆದ್ದವಳಂತೆ ನಕ್ಕಳು. ಇಂಥದ್ದನ್ನು ಕೇಳಿ ನಗುವ ಇನ್ನೊಂದು ಜೀವ ಭೂಮಿಯ ಮೇಲೆ ಇದೆ ಎಂದು ಗೊತ್ತಾಗಿ ನನಗೆ ಅಳು ಬಂತು.

ಕೊಳವೆ ಹಾಕಿ ನೋಡಿದ ಮೇಲೆ ಡಾಕ್ಟರಮ್ಮ ನನ್ನನ್ನೂ ಸತೀಶರನ್ನೂ ಕೂರಿಸಿದರು. "ನೋಡಿ ಇವ್ರೇ, ದೊಡ್ಡ ಕರುಳಿನ ಒಳಗೆ ಹುಣ್ಣಾಗಿದೆ. ಪೂರ್ತಿ ಗುಣ ಆಗ್ತದೆ ಅಂತ ನಾನು ಸುಳ್ಳು ಹೇಳುದಿಲ್ಲ. ಹತೋಟಿಯಲ್ಲಿ ಇಡ್ಲಿಕ್ಕೆ ಆಗ್ತದೆ. ಮಾತ್ರೆ ಮಾತ್ರ ನಿಲ್ಲಿಸ್ಬಾರ್ದು ಆಯ್ತಾ? ಕಾಫಿ, ಖಾರ ದೂರ ಇಡಿ."

"ಯಾಕೆ ಬಂತು ಇದು?" ಎಂದು ಸತೀಶರು ಕೇಳಿದರು.

"ಯಾಕೆ ಬರ್ತದೆ ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ" ಎಂದರು ಡಾಕ್ಟರಮ್ಮ.

ಪ್ರಾಮಾಣಿಕವಾದ ಮಾತು. ಆದರೆ ಆ ಮಾತನ್ನು ಊರಿಗೆ ತಂದದ್ದೇ ತಪ್ಪಾಯಿತು. ಅತ್ತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅಷ್ಟ್ ದೊಡ್ಡ ಡಾಕ್ಟ್ರಿಗೇ ಗೊತ್ತಿಲ್ವಂತೆ. ಹಂಗಾದ್ರೆ ಇದು ಡಾಕ್ಟ್ರ ಕಾಯ್ಲೆ ಅಲ್ಲ ಬಿಡಿ. ಇದು ಮದ್ದು."

ನಮ್ಮ ಕಡೆ ಮದ್ದು ಎಂದರೆ ಆಗದವರು ಊಟದಲ್ಲಿ ಬೆರೆಸಿ ಕೊಡುವ ವಸ್ತು. ಅದು ಹೊಟ್ಟೆಯ ಗೋಡೆಗೆ ಅಂಟಿ ಕೂತು ಮನುಷ್ಯನನ್ನು ವರ್ಷಗಟ್ಟಲೆ ಒಳಗಿನಿಂದ ಒಣಗಿಸುತ್ತದೆ ಎಂದು ನಂಬುತ್ತಾರೆ. ಕೆಲವರು ಗಂಡನನ್ನೋ ಮಗನನ್ನೋ ವಶ ಮಾಡಿಕೊಳ್ಳಲೂ ಹಾಕುತ್ತಾರಂತೆ. ಹಾಕಿದ್ದಾಳೆ ಎಂದು ಯಾರೂ ಯಾರ ಮುಖಕ್ಕೂ ಹೇಳುವುದಿಲ್ಲ. ಜಗಳವಿಲ್ಲ, ಪಂಚಾಯ್ತಿ ಇಲ್ಲ. ಅವಳ ಮನೆಗೆ ಹೋದಾಗ ಕಾಫಿ ಕೊಡಲು ಬಂದರೆ, "ಅಯ್ಯೋ, ಈಗಷ್ಟೇ ಕುಡ್ಕೊಂಡು ಬಂದೆ ಕಣೆ" ಎಂದು ನಗುತ್ತಾ ಹೇಳುತ್ತಾರೆ, ಅಷ್ಟೆ. ಒಂದು ಸಲ ಹೇಳಿದರೆ ನಿಜವಿರಬಹುದು. ಎರಡನೆಯ ಸಲ ಹೇಳಿದಾಗ ಲೋಟ ಹಿಡಿದು ನಿಂತವಳಿಗೆ ಎಲ್ಲ ಅರ್ಥವಾಗುತ್ತದೆ.

ಅತ್ತೆಗೆ ಕಡುಬು ನೆನಪಾಯಿತು. ಬಾಳೆ ಎಲೆ ಮುಚ್ಚಿ ತಂದದ್ದು, ಬೇರೆ ಯಾರಿಗೂ ಕೊಡದೆ ನನ್ನ ಕೈಗೇ ಕೊಟ್ಟದ್ದು, ಬಿಸಿ ಇರುವಾಗಲೇ ತಿನ್ನು ಎಂದದ್ದು. ಓದಿದ ಹುಡುಗಿ, ಟೌನ್‌ಶಿಪ್ಪಿನವಳು, ನಾನು ನಂಬಲಿಲ್ಲ ಎಂದು ಬರೆಯಲು ಆಸೆ. ನಂಬಿದೆ. ನೋವಿನಲ್ಲಿ ಇರುವವರಿಗೆ ಗೊತ್ತಿಲ್ಲ ಎಂಬ ಉತ್ತರ ಸಾಲದು. ಬೈಯಲು ಒಂದು ಮುಖ ಬೇಕಾಗುತ್ತದೆ. ಗಿರಿಜಕ್ಕನ ಮುಖ ಬೇಲಿಯಾಚೆ ದಿನವೂ ಕಾಣುತ್ತಿತ್ತು. ಮೆಣಸು ಒಣಗಿಸುವ ಚಾಪೆ ಕೇಳಲು ಅವಳ ಮನೆಗೆ ಹೋದಾಗ ಆಕೆ ಒಲೆಯ ಕಡೆ ತಿರುಗಿದಳು. ನಾನು ಆ ಮಾತನ್ನು ಹೇಳಿದೆ. ಮುಂದಿನ ವಾರ ಚಾಪೆ ವಾಪಸು ಕೊಡಲು ಹೋದಾಗ ಮತ್ತೆ ಹೇಳಿದೆ. ಆಕೆ ಲೋಟವನ್ನು ಕಟ್ಟೆಯ ಮೇಲಿಟ್ಟು, "ಹೌದಾ" ಎಂದಳು. ಅಷ್ಟೇ. ತಿಂಗಳೊಪ್ಪತ್ತಿನಲ್ಲಿ ಕೇರಿಯ ಎಲ್ಲ ಹೆಂಗಸರೂ ಗಿರಿಜಕ್ಕನ ಮನೆಗೆ ಈಗಷ್ಟೇ ಕುಡಿದು ಬರತೊಡಗಿದರು.

ಮಂಗಳೂರಿನ ಮಾತ್ರೆ ಕೆಲಸ ಮಾಡಿತು. ನಾಲ್ಕು ವರ್ಷ ಬಿದ್ದು ಎದ್ದು ನಡೆದೆ. ನಡುವೆ ಕೊಟ್ಟ ಇನ್ನೊಂದು ಮಾತ್ರೆಗೆ ನನ್ನ ಮುಖ ಊದಿ ಗುಂಡಗಾಯಿತು. ಕಂಡವರೆಲ್ಲ, "ಎಂಥ ಕಾಯ್ಲೆ? ಒಳ್ಳೆ ಕೆಂಪಗೆ ಗುಂಡ್ ಗುಂಡಗೆ ಆಗಿದೀಯಲ್ಲ" ಎನ್ನುತ್ತಿದ್ದರು. ತೋಟದ ಕೆಲಸ ತಪ್ಪಿಸಿಕೊಳ್ಳುವ ನಾಟಕ ಎಂದು ಹಿಂದಿನಿಂದ ಹೇಳಿದರಂತೆ. ನಾನು ತೋಟಕ್ಕೆ ಹೋಗದೆ ಇದ್ದರೂ ಒಲೆ ಬಿಟ್ಟವಳಲ್ಲ. ಅತ್ತೆಗೆ ಮಂಡಿ ಬಗ್ಗುತ್ತಿರಲಿಲ್ಲ, ಮೂರು ಹೊತ್ತಿನ ಅಡಿಗೆ ನನ್ನದೇ.

ಸತೀಶರು ಆ ವರ್ಷಗಳಲ್ಲಿ ಮಾಡಿದ್ದನ್ನು ಹೇಳಬೇಕು. ಅಡಿಗೆಮನೆಯ ಗೋಡೆಗೆ ಅಂಟಿಸಿ ನನಗೊಂದು ಕಕ್ಕಸು ಕಟ್ಟಿಸಿದರು. ಒಲೆಯ ಪಕ್ಕದಲ್ಲೇ ಇಂಥದ್ದೇ ಎಂದು ಇಡೀ ಊರು ಮೂಗು ಮುಚ್ಚಿಕೊಂಡಿತು. ನನಗೆ ತೀರಾ ಆಗದ ದಿನ ನನ್ನ ಬಟ್ಟೆಯನ್ನು ತಾವೇ ಒಗೆದು, ಯಾರಿಗೂ ಕಾಣದಂತೆ ಗೋಡೌನಿನ ಹಿಂದೆ ಒಣಗಿಸುತ್ತಿದ್ದರು. ಕಾಣದಂತೆ ಎಂದು ನಾವು ಅಂದುಕೊಂಡಿದ್ದೆವು.

ಕಾಯಿಲೆ ಮತ್ತೆ ಕೆರಳಿದಾಗ ಅತ್ತೆ ಹಟ ಹಿಡಿದರು. ಕಳಸದ ಆಚೆ ಒಂದು ಹಳ್ಳಿಯಲ್ಲಿ ಹಾಕಿದ ಮದ್ದನ್ನು ತೆಗೆಯುವ ಪಂಡಿತರಿದ್ದಾರೆ, ಕಕ್ಕಿಸಿ ಕಣ್ಣಿಗೆ ತೋರಿಸುತ್ತಾರೆ. ಸತೀಶರಿಗೆ ಮನಸ್ಸಿರಲಿಲ್ಲ. ನನಗಿತ್ತು. ಕಣ್ಣಿಗೆ ತೋರಿಸುತ್ತಾರೆ ಎಂಬುದೇ ನನ್ನನ್ನು ಎಳೆಯಿತು. ಮಂಗಳೂರಿನಲ್ಲಿ ನನ್ನ ಕರುಳನ್ನು ಡಾಕ್ಟರು ನೋಡಿದ್ದರು, ನಾನು ನೋಡಿರಲಿಲ್ಲ. ಜೀಪು ಮಾಡಿಕೊಂಡು ಮೂವರೂ ಹೋದೆವು.

ಅಲ್ಲಿ ಅಂಗಳದ ತುಂಬ ಜನ. ನಮ್ಮ ಹಾಗೆಯೇ ಸೊರಗಿದ ಮುಖಗಳು, ಪಕ್ಕದಲ್ಲಿ ಕರೆದುಕೊಂಡು ಬಂದ ಅಮ್ಮಂದಿರು, ಅತ್ತೆಯರು. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಪಂಡಿತರು ಒಳ್ಳೆಯ ಮಾತಿನವರು. ಎರಡು ಲೋಟ ಬಿಸಿ ಮೇಕೆ ಹಾಲು ಕುಡಿಸಿ, ಅದರ ಬೆನ್ನಿಗೇ ಹುಳಿ ಹುಳಿಯಾದ ಸೊಪ್ಪಿನ ರಸ ಕೊಟ್ಟರು. ಲೋಟ ಮೂಗಿನ ಹತ್ತಿರ ತಂದವಳು ಹಾಗೇ ಕೆಳಗಿಟ್ಟೆ. ಸತೀಶರು, "ಹೆದರ್ಬೇಡ ಮಾರಾಯ್ತಿ. ತಗೊಳ್ಳಿ ಪಂಡಿತ್ರೆ, ನಂಗೂ ಒಂದು ಕೊಡಿ. ಇಬ್ರೂ ಜೊತೇಲೇ ಕಕ್ತೀವಿ" ಎಂದರು. ಪಂಡಿತರು ನಕ್ಕು ಅವರಿಗೂ ಕೊಟ್ಟರು. ನನ್ನ ಗಂಡ ಕಲ್ಲು ತಿಂದು ಕರಗಿಸುವ ಆಳು. ಶೀತ ಬಿಟ್ಟರೆ ಅವರಿಗೆ ಬೇರೆ ಕಾಯಿಲೆ ಬಂದದ್ದನ್ನು ಅವರ ತಾಯಿಯೇ ನೋಡಿಲ್ಲ.

ನಾನು ಬಾಳೆ ಎಲೆಯ ಮೇಲೆ ಕಕ್ಕಿದೆ. ಪಂಡಿತರು ಕಡ್ಡಿಯಿಂದ ಕೆದಕಿ ಬಿಳಿಚಿಕೊಂಡ ಒಂದು ಗಡ್ಡೆಯನ್ನು ಎತ್ತಿ ಹಿಡಿದರು. "ನೋಡಿ ಅಮ್ಮ. ಹಳೇದು. ದಿನಾ ನೋಡೋ ಮುಖದೋರೇ ಹಾಕಿದ್ದು." ಅತ್ತೆ ನನ್ನ ಭುಜ ಹಿಡಿದು ಅತ್ತರು. ನನಗೂ ಎದೆ ಹಗುರವಾಯಿತು. ಅಷ್ಟರಲ್ಲಿ ಸತೀಶರು ಪಕ್ಕದ ಎಲೆಯ ಮೇಲೆ ಬಗ್ಗಿದರು. ಅದರಲ್ಲೂ ಗಡ್ಡೆ. ನನ್ನದಕ್ಕಿಂತ ದೊಡ್ಡದು.

ಪಂಡಿತರು ಅದನ್ನೂ ಕಡ್ಡಿಯಿಂದ ಹೊರಳಿಸಿ ನೋಡಿದರು. ಆಮೇಲೆ ತಲೆಯಾಡಿಸಿ, "ಯಜಮಾನ್ರಿಗೂ ಹಾಕಿದಾರೆ. ಇದು ವಶಕ್ಕೆ ಹಾಕಿದ್ದು. ದಿನಾ ಉಣ್ಣೋ ಕೈಯಿಂದ್ಲೇ ಬಿದ್ದಿದೆ" ಎಂದರು. ಬಿಸಿ ಹಾಲಿಗೆ ಹುಳಿ ಬಿದ್ದರೆ ಏನಾಗುತ್ತದೆ ಎಂದು ದಿನವೂ ಒಲೆಯ ಮುಂದೆ ನೋಡುವ ನಮಗೆ ಯಾರಿಗೂ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ಹೊಳೆದದ್ದು ಒಂದೇ. ಅವರು ದಿನವೂ ಉಣ್ಣುವ ಕೈ ನನ್ನದು.

ವಾಪಸು ಬರುವಾಗ ಅತ್ತೆ ಜೀಪಿನಲ್ಲಿ ನನ್ನ ಪಕ್ಕ ಕೂರಲಿಲ್ಲ, ಮುಂದೆ ಕೂತರು. ಮಾರನೆಯ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಒಲೆಯ ಮುಂದೆ ಇದ್ದರು. ಬಗ್ಗದ ಮಂಡಿಯನ್ನು ಉದ್ದಕ್ಕೆ ಚಾಚಿಕೊಂಡು, ಹಲ್ಲು ಕಚ್ಚಿಕೊಂಡು ರೊಟ್ಟಿ ತಟ್ಟುತ್ತಿದ್ದರು. "ನಿಂಗೆ ಹುಷಾರಿಲ್ಲ, ನೀ ಮಲ್ಕೋ" ಎಂದರು. ಇಷ್ಟು ವರ್ಷ ಹುಷಾರಿಲ್ಲದಾಗ ಬಾರದ ಮಾತು. ನಾನು ಕಾಫಿ ಸೋಸಿ ಅವರ ಮುಂದೆ ಇಟ್ಟೆ. ಲೋಟದ ಕಡೆ ನೋಡದೆ, "ಈಗಷ್ಟೇ ಕುಡ್ದೆ ಕಣೆ" ಎಂದರು. ಆ ಬೆಳಿಗ್ಗೆ ಮನೆಯಲ್ಲಿ ಸೋಸಿದ ಮೊದಲ ಕಾಫಿ ಅದು.

ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಸತೀಶರ ಒಳ್ಳೆಯತನವೇ ನನಗೆ ಸಾಕ್ಷಿಯಾಗಿ ನಿಂತಿತು, ಅದೂ ನನ್ನ ವಿರುದ್ಧ. "ಹೆಂಡ್ತಿ ಸೀರೆ ಒಗಿಯೋ ಗಂಡಸು ಸುಮ್ನೆ ಒಗೀತಾನಾ? ಒಲೆ ಪಕ್ಕ ಕಕ್ಕಸು ಕಟ್ಟಿಸ್ತಾನಾ?" ಬಂದವರೆಲ್ಲ ಈಗ ನನ್ನ ಮನೆಗೂ ಈಗಷ್ಟೇ ಕುಡಿದು ಬರತೊಡಗಿದರು. ಹೇಳುವಾಗ ಆ ಮಾತು ಎಷ್ಟು ಸಲೀಸು. ಲೋಟ ಹಿಡಿದು ನಿಂತು ಕೇಳಿದರೆ ಮೈ ಉರಿಯುತ್ತದೆ.

ಗಂಡನನ್ನು ಕೇಳಿದೆ, "ನೀವೂ ನಂಬ್ತೀರಾ?"

"ಹುಚ್ಚೇನೆ ನಿಂಗೆ?" ಎಂದರು. ನಾನು ಬಡಿಸಿದ ಅನ್ನವನ್ನೇ ಉಂಡರು. ಆದರೆ ಉಣ್ಣುವ ಮೊದಲು ಬೆರಳಿನಿಂದ ಅನ್ನವನ್ನು ಒಮ್ಮೆ ಕೆದಕಿದರು. ಬಿಸಿ ಆರಲಿ ಎಂದು ಕೆದಕಿದ್ದೂ ಇರಬಹುದು. ಅವರು ಮೊದಲಿನಿಂದಲೂ ಹಾಗೆ ಕೆದಕುತ್ತಿದ್ದರೇ ಎಂದು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಅದನ್ನು ಇವತ್ತಿನವರೆಗೆ ನಾನು ಕೇಳಿಲ್ಲ.

ಅದನ್ನೆಲ್ಲ ಸಹಿಸಿಕೊಂಡೆ. ಚೈತ್ರಳ ವಿಷಯವನ್ನು ಸಹಿಸಲಾಗಲಿಲ್ಲ. ಐದು ವರ್ಷದ ಹುಡುಗಿ, ನನ್ನ ಕೈತುತ್ತಿಲ್ಲದೆ ಊಟ ಮುಗಿಸಿದವಳಲ್ಲ. ಒಂದು ಮಧ್ಯಾಹ್ನ ಮೊಸರನ್ನ ಕಲಸಿ ತುತ್ತು ಎತ್ತಿದೆ. ಬಾಗಿಲಿಂದ ಅತ್ತೆ, "ಚೈತ್ರಾ, ಇಲ್ ಬಾ. ನಾನ್ ಉಣ್ಣಿಸ್ತೀನಿ" ಎಂದು ಕರೆದರು. ಮಗು ನನ್ನ ಕೈಯನ್ನೂ ಅಜ್ಜಿಯನ್ನೂ ನೋಡಿತು. ಆಮೇಲೆ ಎದ್ದು ಹೋಯಿತು. ಅಜ್ಜಿ ಏನು ಹೇಳಿಕೊಟ್ಟಿದ್ದರೋ ಏನೋ. ತುತ್ತು ನನ್ನ ಬೆರಳಲ್ಲೇ ಉಳಿಯಿತು. ಕಾಯಿಲೆ ಶುರುವಾದ ದಿನ ತಗಡಿನ ಬಾಗಿಲ ಹಿಂದೆ ನಾನು ಹೆದರಿದ್ದು, ಸತ್ತರೆ ಇದಕ್ಕೆ ಉಣ್ಣಿಸುವವರು ಯಾರು ಎಂದು. ಈಗ ಬದುಕಿದ್ದೆ, ಆದರೂ ಉಣ್ಣಿಸುವ ಹಾಗಿರಲಿಲ್ಲ.

ತವರಿಗೆ ಹೋಗಿಬಿಡೋಣ ಎನಿಸಿತು. ಆದರೆ ಗಣಿ ನಿಲ್ಲುವ ಸುದ್ದಿ ಗಟ್ಟಿಯಾಗಿ, ಟೌನ್‌ಶಿಪ್ಪಿನವರು ಒಬ್ಬೊಬ್ಬರಾಗಿ ಸಾಮಾನು ಕಟ್ಟುತ್ತಿದ್ದರು. ಅಪ್ಪ ಅಮ್ಮ ಕಾರ್ಕಳದಲ್ಲಿ ತಮ್ಮನ ಎರಡು ಕೋಣೆಯ ಬಾಡಿಗೆ ಮನೆಗೆ ಹೋಗುವವರು. ನಾನು ಬೆಳೆದ ಮನೆಗೆ ಬೀಗ ಬಿತ್ತು. ಫೋನಿನಲ್ಲಿ ಅಮ್ಮ, "ಸ್ವಲ್ಪ ದಿನ ತಡ್ಕೋ" ಎಂದಳು. ಅವಳ ದನಿಯಲ್ಲೂ ನನಗೆ ಅನುಮಾನ ಬಂತು, ಇವಳಿಗೂ ಯಾರಾದರೂ ಹೇಳಿದ್ದಾರೆಯೇ ಎಂದು. ಪಂಡಿತರ ಪಥ್ಯಕ್ಕಾಗಿ ಮಂಗಳೂರಿನ ಮಾತ್ರೆಯನ್ನು ಬೇರೆ ನಿಲ್ಲಿಸಿದ್ದೆ. ಅದು ಎಂಥ ತಪ್ಪು ಎಂದು ಕರುಳು ಹದಿನೈದು ದಿನದಲ್ಲಿ ತಿಳಿಸಿತು. ಓದುವವರಲ್ಲಿ ಯಾರಾದರೂ ಹಾಗೆ ಮಾಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ಬೇಡ. ಸತೀಶರು ಮತ್ತೆ ಘಾಟಿ ಇಳಿಸಿದರು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಡಾಕ್ಟರಮ್ಮ ಬೈದರು, ಮತ್ತೆ ಮಾತ್ರೆ ಶುರುವಾಯಿತು.

ವಾಪಸು ಬಂದಾಗ ಕಾಫಿ ಕೊಯ್ಲು. ಕಣದ ತುಂಬ ಹಣ್ಣು ಹರಡಿತ್ತು. ನಾನು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದೆ, ಅತ್ತೆ ಚೈತ್ರಳ ಜಡೆ ಹಾಕುತ್ತಿದ್ದರು, ಪಕ್ಕದಲ್ಲಿ ಕೇರಿಯ ಹೆಂಗಸರಿಬ್ಬರು ಎಲೆಯಡಿಕೆ ಹಾಕುತ್ತಿದ್ದರು. ಗಿರಿಜಕ್ಕ ಬೇಲಿ ದಾಟಿ ಬಂದಳು. ವರ್ಷಗಳ ಮೇಲೆ ಮೊದಲ ಸಲ. ನೇರ ಬಂದು ಜಗುಲಿಯ ಮೇಲೆ ಕೂತಳು.

"ಜಲಜಾ, ಕಾಫಿ ಮಾಡು" ಎಂದಳು.

ಅತ್ತೆ ಜಡೆ ಬಿಟ್ಟರು. ಇದರಲ್ಲಿ ಏನು ಹುನ್ನಾರವಿದೆಯೋ ಎಂದು ನನಗೂ ಅನುಮಾನ. ಕಂಬ ಹಿಡಿದು ಎದ್ದು, ಹೋಗಿ ಮಾಡಿ ತಂದೆ. ಗಿರಿಜಕ್ಕ ಎಲ್ಲರಿಗೂ ಕಾಣುವಂತೆ ಲೋಟ ಎತ್ತಿ ಒಂದು ಗುಟುಕು ಕುಡಿದಳು. "ಸಕ್ರೆ ಕಮ್ಮಿ" ಎಂದಳು. ಮತ್ತೆ ಕುಡಿದಳು.

"ಅತ್ತೆ, ನಾನೂ ಹೋಗಿದ್ದೆ ಕಳಸದ ಪಂಡಿತ್ರ ಹತ್ರ. ಮೊನ್ನೆ. ಕುಡ್ಸಿದ್ರು, ಕಕ್ದೆ. ನಂದ್ರಲ್ಲೂ ಗಡ್ಡೆ ಬಂತು. ಹತ್ರದೋರೇ ಹಾಕಿದಾರೆ, ದಿನಾ ಉಣ್ಣೋ ಕೈ ಅಂದ್ರು."

"ಯಾರ ಮನೇಲಿ ತಿಂದ್ಯೋ ಏನೋ" ಎಂದರು ಅತ್ತೆ, ಮುಖ ತಿರುಗಿಸಿ.

"ಅದೇ ಹೇಳೋಕ್ ಬಂದೆ." ಗಿರಿಜಕ್ಕನ ದನಿ ಏರಲಿಲ್ಲ. "ನೀವೆಲ್ಲ ನನ್ ಮನೇಲಿ ಕುಡಿಯೋದು ಬಿಟ್ರಿ. ಆವತ್ತಿಂದ ನಾನೂ ಯಾರ ಮನೇಲೂ ಒಂದ್ ತೊಟ್ಟು ನೀರು ಮುಟ್ಟಿಲ್ಲ. ಮದ್ವೆಗೆ ಹೋದ್ರೆ ಅಕ್ಷತೆ ಹಾಕಿ ಹಸ್ಕೊಂಡು ಬರ್ತೀನಿ. ಇವ್ರನ್ನೇ ಕೇಳಿ. ನಾನು ಅಷ್ಟು ವರ್ಷದಿಂದ ಉಣ್ಣೋದು ಒಂದೇ ಕೈ ಅಡಿಗೆ, ನಂದು. ಹಂಗಾದ್ರೆ ನಂಗೆ ಮದ್ದು ಹಾಕಿದ್ದು ನಾನೇ, ಅಲ್ವಾ? ಯಾರ್ನ ವಶ ಮಾಡ್ಕೊಳ್ಳೋಕೆ ಹಾಕ್ಕೊಂಡೆ ಅಂತೀರಿ?"

ಎಲೆಯಡಿಕೆ ಹಾಕುತ್ತಿದ್ದ ಹೆಂಗಸರಲ್ಲೊಬ್ಬಳು ಕಿಸಕ್ಕನೆ ನಕ್ಕು, ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ಚೈತ್ರಳ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದರು. ಗಿರಿಜಕ್ಕ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದು ಲೋಟ ಬೋರಲು ಹಾಕಿದಳು. ಆಮೇಲೆ ಚೈತ್ರಳ ಕಡೆ ನೋಡಿದಳು. "ನಂಗೆ ಏನಾದ್ರೂ ಅಂದ್ಕೊಳ್ಳಿ, ಅಭ್ಯಾಸ ಆಗಿದೆ. ಆ ಮಗೂಗೆ ಅವ್ಳಮ್ಮ ಉಣ್ಣಿಸ್ಲಿ."

ಅವತ್ತು ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಅತ್ತೆ ಎದ್ದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನಾನು ಎದ್ದಾಗ ಒಲೆ ತಣ್ಣಗಿತ್ತು. ಅವರು ಜಗುಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಇವತ್ತು ಕಾಫಿ ಸಿಗುತ್ತೋ ಇಲ್ವೋ ಈ ಮನೇಲಿ?" ಎಂದು ಕೂಗಿದರು. ಮಧ್ಯಾಹ್ನ ಚೈತ್ರ ತಾನಾಗಿ ಬಂದು ನನ್ನ ಮುಂದೆ ಬಾಯಿ ತೆರೆದು ಕೂತಳು. ಮೊದಲ ತುತ್ತು ಹಾಕುವಾಗ ಅರ್ಧ ಅನ್ನ ಅವಳ ಲಂಗದ ಮೇಲೆ ಬಿತ್ತು.

ಈಗಲೂ ಮಾತ್ರೆ ನುಂಗುತ್ತೇನೆ, ವರ್ಷಕ್ಕೊಮ್ಮೆ ಘಾಟಿ ಇಳಿದು ತೋರಿಸಿಕೊಂಡು ಬರುತ್ತೇನೆ. ಬೆಳ್ತಂಗಡಿಯ ಗೆಳತಿ ಈಚೆಗೆ ನಾಲ್ಕೇ ಸಲಕ್ಕೆ ಬಂದಿದ್ದಾಳಂತೆ, ಫೋನು ಮಾಡಿ ಸೋತೆ ಎಂದಳು. ನನ್ನ ಅನುಮಾನದ ಬುದ್ಧಿ ಹೋಗಿಲ್ಲ. ಹೋಟೆಲಿನ ಚಟ್ನಿ, ಹೊಸ ಮಾತ್ರೆ, ವಿಪರೀತ ನಗುವ ನೆಂಟರು, ಎಲ್ಲವನ್ನೂ ಎರಡು ಸಲ ನೋಡುತ್ತೇನೆ. ಒಂದು ಮನೆಯಲ್ಲಿ ಮಾತ್ರ ನೋಡುವುದಿಲ್ಲ.

ಗಿರಿಜಕ್ಕ ಬಂದು ಹೋದ ಮರುವಾರ ನಾನು ಬೇಲಿ ದಾಟಿ ಅವಳ ಮನೆಗೆ ಹೋದೆ. ಆಕೆ ನನ್ನನ್ನು ಕಂಡವಳೇ ಒಲೆಯ ಕಡೆ ತಿರುಗಿದಳು. ಅರ್ಧ ತಿರುಗಿ ನಿಂತಳು. ನಾನು ಆ ಮಾತು ಹೇಳುತ್ತೇನೆಯೇ ಎಂದು ಕಾಯುತ್ತಿದ್ದಳು. ಕಾಫಿ ಮುಟ್ಟಬಾರದು ಎಂದು ಡಾಕ್ಟರಮ್ಮ ಮತ್ತೆ ಹೇಳಿ ಇನ್ನೂ ತಿಂಗಳಾಗಿರಲಿಲ್ಲ. ಆದರೆ ಡಾಕ್ಟರು ಬೇಡ ಎಂದಿದ್ದಾರೆ ಎಂದು ಆ ಬಾಗಿಲಲ್ಲಿ ನಿಂತು ಹೇಗೆ ಹೇಳಲಿ? ಅವಳ ಕಿವಿಗೆ ಅದೂ ಅದೇ ಮಾತಾಗಿ ಕೇಳುತ್ತಿತ್ತು.

"ಸಕ್ರೆ ಜಾಸ್ತಿ ಹಾಕಕ್ಕ" ಎಂದೆ.

ದೊಡ್ಡ ಲೋಟದ ತುಂಬ ಕೊಟ್ಟಳು. ಎದುರಿಗೆ ಕೂತು, ನಾನು ಕುಡಿಯುವುದನ್ನೇ ನೋಡಿದಳು. ಪೂರ್ತಿ ಕುಡಿದೆ. ಮಾರನೆಯ ದಿನ ಬೆಳಿಗ್ಗೆ ಹೊಟ್ಟೆ ಹಿಂಡಿತು, ಮಧ್ಯಾಹ್ನದವರೆಗೂ ಓಡಾಡಿದೆ. ನೋವು ಯಾವತ್ತಿನದೇ. ಕಾಫಿ ಕುಡಿದೆ, ಹೊಟ್ಟೆ ನೋಯುತ್ತಿದೆ ಎಂದುಕೊಂಡೆ. ಯಾರ ಮುಖವೂ ನೆನಪಿಗೆ ಬರಲಿಲ್ಲ.